ಗೆಣಸಿನೆಲೆಯ ಆಮೆ ಜೀರುಂಡೆ: ತಾಯಿಯ ಆರೈಕೆಯನ್ನು ಹಿತ್ತಿಲಲ್ಲೇ ನೋಡುವ ಬಗೆ

ಕಾಸರಗೋಡು ಸೀಮೆಯ ಹಳ್ಳಿಗಳಲ್ಲಿ ಏಣಿಲು (ಮುಂಗಾರಿನ ಭತ್ತದ) ಬೆಳೆ ಕೊಯ್ದ ಮೇಲೆ ಗದ್ದೆಯ ಒಂದು ಮೂಲೆಯಲ್ಲಾದರೂ ಏರಿ ಮಾಡಿ ಗೆಣಸಿನ ಬಳ್ಳಿ ನೆಡುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಬಳ್ಳಿ ಹಬ್ಬಿ ಎಲೆ ದಟ್ಟವಾಗುತ್ತಿದ್ದಂತೆ ಎಲೆಯ ನಡುವೆ ದುಂಡಗಿನ ತೂತುಗಳು ಕಾಣಿಸಿಕೊಳ್ಳುತ್ತವೆ. ನೋಡಿದವರು ‘ಹುಳ ತಿಂದಿದೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಆ ಎಲೆಯನ್ನು ಮಗುಚಿ ನೋಡುವಷ್ಟು ತಾಳ್ಮೆ ಇದ್ದವರಿಗೆ ಅರ್ಧ ಅಂಗುಲ ಉದ್ದದ, ಆಮೆಯ ಚಿಪ್ಪಿನಂಥ ಹೊದಿಕೆ ಹೊದ್ದ ಜೀರುಂಡೆಯೊಂದು ಎಲೆಗೆ ಒತ್ತಿಕೊಂಡು ಕೂತಿರುವುದು ಕಾಣುತ್ತದೆ. ಅದರ ಒಂದು ತಲೆಮಾರನ್ನು ಮೊಟ್ಟೆಯಿಂದ ಜೀರುಂಡೆಯವರೆಗೆ ಮನೆಯಲ್ಲೇ ಹಿಂಬಾಲಿಸುವುದು ಹೇಗೆ, ಮುಖ್ಯವಾಗಿ ತಾಯಿಯಾದದ್ದು ತನ್ನ ಮರಿಗಳಿಗಾಗಿ ಏನೇನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ತಾಯಿಯ ಆರೈಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬುಟ್ಟಿಯಲ್ಲಿ ಕಾವು ಕೂತ ಹೇಂಟೆ. ಅದೇ ನಿರೀಕ್ಷೆಯಿಂದ ಗೆಣಸಿನ ಏರಿಗೆ ಹೋದರೆ ನಿರಾಶೆ ಖಂಡಿತ. ಇಲ್ಲಿನ ಆಮೆ ಜೀರುಂಡೆ ಮೊಟ್ಟೆಯ ಬಳಿ ಕಾವಲು ನಿಲ್ಲುವುದಿಲ್ಲ, ಮೊಟ್ಟೆ ಒಡೆಯುವ ದಿನ ಅದು ಆ ಎಲೆಯ ಮೇಲೆ ಇರುವುದೂ ಇಲ್ಲ. ಹಾಗೆಂದು ಅದನ್ನು ಅಸಡ್ಡೆಯ ತಾಯಿ ಎಂದು ತೀರ್ಮಾನಿಸುವುದು ತಪ್ಪು. ಅದರ ಆರೈಕೆಯೆಲ್ಲ ಮೊಟ್ಟೆಯಿಡುವ ಆ ಸ್ವಲ್ಪ ಹೊತ್ತಿನಲ್ಲೇ ಮುಗಿದಿರುತ್ತದೆ. ಮೊದಲ ಎರಡು ವರ್ಷ ನಾನು ಮೊಟ್ಟೆಗಳು ಕಂಡ ಮೇಲೆ ದಿನವೂ ಹೋಗಿ ತಾಯಿಗಾಗಿ ಹುಡುಕಿ ಬರಿಗೈಯಲ್ಲಿ ಮರಳಿದ್ದಕ್ಕೆ ಕಾರಣ ಇದೇ: ನೋಡಬೇಕಾದದ್ದು ಮೊಟ್ಟೆಯಿಟ್ಟ ನಂತರವಲ್ಲ, ಇಡುತ್ತಿರುವಾಗ.

ಬಳ್ಳಿ ಮತ್ತು ಕಾಲ

ಆಮೆ ಜೀರುಂಡೆಗಳು ಎಲೆ ಜೀರುಂಡೆಗಳ ದೊಡ್ಡ ಕುಟುಂಬವಾದ ಕ್ರೈಸೊಮೆಲಿಡೇಗೆ ಸೇರಿದವು. ಜಗತ್ತಿನಲ್ಲಿ ಆ ಕುಟುಂಬದ 35,000ಕ್ಕೂ ಹೆಚ್ಚು ಜಾತಿಗಳು ಗುರುತಾಗಿವೆ. ಇಷ್ಟು ದೊಡ್ಡ ಬಳಗವಾದರೂ ಊಟದ ವಿಷಯದಲ್ಲಿ ಒಂದೊಂದು ಜಾತಿಯೂ ಬಹಳ ಕಟ್ಟುನಿಟ್ಟು. ನಮ್ಮಲ್ಲಿ ಸುಲಭವಾಗಿ ಸಿಗುವ ಆಮೆ ಜೀರುಂಡೆಗಳಿಗೆ ಗೆಣಸು ಮತ್ತು ಅದರ ನೆಂಟರಾದ ಐಪೋಮಿಯ ಕುಲದ ಬಳ್ಳಿಗಳೇ ಬೇಕು. ಗದ್ದೆಯಲ್ಲಿ ಗೆಣಸು ಇಲ್ಲದವರು ರೈಲುದಾರಿಯ ಬದಿಯಲ್ಲಿ ಹಬ್ಬುವ ನೇರಳೆ ಹೂವಿನ ಬಳ್ಳಿಯಲ್ಲಿಯೋ, ತೋಡಿನ ಅಂಚಿನಲ್ಲಿ ಬೇಲಿಗೆಂದು ನೆಟ್ಟ, ತಿಳಿ ನೇರಳೆ ಬಣ್ಣದ ಕಹಳೆಯಂಥ ಹೂ ಬಿಡುವ ಪೊದೆಗಿಡದಲ್ಲಿಯೋ ಹುಡುಕಬಹುದು. ಕುಂಬಳೆ, ಮಂಜೇಶ್ವರದ ಕಡಲತಡಿಯವರಿಗೆ ಮರಳ ಮೇಲೆ ಹಬ್ಬುವ, ಆಡಿನ ಗೊರಸಿನಂತೆ ಸೀಳಿದ ಎಲೆಯ ಬಳ್ಳಿಯೂ ಇದೆ. ಅದೂ ಇದೇ ಕುಲದ್ದು, ಒಮ್ಮೆ ಮಗುಚಿ ನೋಡಲು ಅಡ್ಡಿಯಿಲ್ಲ.

ಜೂನ್ ಮೊದಲ ವಾರದಿಂದ ಆಟಿ ತಿಂಗಳು ಮುಗಿಯುವವರೆಗಿನ (ಆಗಸ್ಟ್ ನಡುಭಾಗದವರೆಗಿನ) ಬಿರುಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ಬೇಡ. ಎಲೆಯ ಅಡಿಯಲ್ಲಿ ಹುಳ ಇದ್ದರೂ ಕೊಡೆ ಹಿಡಿದುಕೊಂಡು ಭೂತಗನ್ನಡಿಯಲ್ಲಿ ನೋಡುವುದು ಆಗುವ ಮಾತಲ್ಲ. ಅದರ ಮುಂದಿನ ಸೋಣ ತಿಂಗಳಲ್ಲಿ ಮಳೆ ಬಿಡುವು ಕೊಟ್ಟಾಗ ಬೇಲಿಯ ಬಳ್ಳಿಗಳಲ್ಲಿ ಹುಡುಕಾಟ ಆರಂಭಿಸಿ, ಗದ್ದೆಯ ಗೆಣಸು ಹಬ್ಬುವ ಹೊತ್ತಿಗೆ ಅಲ್ಲಿಗೆ ಬರುವುದು ಅನುಕೂಲ. ಮೊಟ್ಟೆಯಿಂದ ಜೀರುಂಡೆಯಾಗುವವರೆಗೆ ಒಂದು ತಿಂಗಳು ಅಥವಾ ತುಸು ಹೆಚ್ಚು ಬೇಕಾಗುವುದರಿಂದ, ಅಷ್ಟು ದಿನ ಎಳೆಯ ಎಲೆ ಸಿಗುತ್ತದೆ ಎಂಬ ಖಾತ್ರಿ ಮಾಡಿಕೊಂಡೇ ಹೊರಡಬೇಕು. ಗೆಣಸು ಅಗೆಯುವ ವಾರದಲ್ಲಿ ಮರಿಹುಳುಗಳನ್ನು ಮನೆಗೆ ತಂದು ಆಮೇಲೆ ಎಲೆಗಾಗಿ ಊರೆಲ್ಲ ಅಲೆದ ಅನುಭವ ನನಗಿದೆ.

ಜೀರುಂಡೆಯನ್ನು ಗುರುತಿಸಿ ಹಿಡಿಯುವುದು

ಹೆಚ್ಚಾಗಿ ಎದುರಾಗುವ ಜಾತಿಗಳು ಮೂರು. ಎಲ್ಲಕ್ಕಿಂತ ದೊಡ್ಡದು ಆಸ್ಪಿಡಿಮಾರ್ಫಾ ಮಿಲಿಯಾರಿಸ್. 1775ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಹೆಸರಿಟ್ಟ ಈ ಜಾತಿಯ ಬೆನ್ನು ಮಾಸಲು ಹಳದಿ, ಅದರ ಮೇಲೆ ಕರಿ ಚುಕ್ಕೆಗಳು, ಸುತ್ತಲಿನ ಅಂಚು ಗಾಜಿನಂತೆ ಪಾರದರ್ಶಕ. ಎರಡನೆಯದು ಅದೇ ಕುಲದ ಆಸ್ಪಿಡಿಮಾರ್ಫಾ ಸಾಂಕ್ಟೆಕ್ರೂಸಿಸ್, ಬಿಸಿಲಿಗೆ ಹೊಂಬಣ್ಣದಲ್ಲಿ ಹೊಳೆಯುವಂಥದ್ದು. ಮೂರನೆಯದು ಕ್ಯಾಸಿಡಾ ಸರ್ಕಮ್ಡೇಟಾ; ಅರ್ಧ ಸೆಂಟಿಮೀಟರ್ ಮಾತ್ರ ಉದ್ದದ, ಹಸಿರು ಮೈಯ ಮೇಲೆ ಕರಿ ಗೆರೆಗಳ ಪುಟ್ಟ ಹುಳ. ಮೂರರಲ್ಲಿಯೂ ಎದೆಯ ಮೇಲಿನ ಚಿಪ್ಪು ಮುಂದಕ್ಕೆ ಚಾಚಿ ತಲೆಯನ್ನು ಮುಚ್ಚಿಬಿಟ್ಟಿರುವುದರಿಂದ ಮೇಲಿನಿಂದ ನೋಡಿದರೆ ತಲೆಯಿಲ್ಲದ ಪ್ರಾಣಿಯಂತೆ ತೋರುತ್ತವೆ. ಆರಂಭಿಕರಿಗೆ ನನ್ನ ಸಲಹೆ ಮೊದಲನೆಯ ಜಾತಿ. ಮೈ ದೊಡ್ಡದು, ಮೊಟ್ಟೆಗಳು ಒಂದೇ ಕಡೆ ಗುಂಪಾಗಿ ಇರುತ್ತವೆ, ಮರಿಗಳೂ ಗುಂಪಾಗಿಯೇ ಬೆಳೆಯುತ್ತವೆ.

ಹೊಂಬಣ್ಣದ ಹುಳದ ಬಗ್ಗೆ ಒಂದು ಮಾತು. ಬಾಲ್ಯದಲ್ಲಿ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಮರುದಿನ ತೆರೆದಾಗ ಚಿನ್ನ ಹೋಗಿ ಕಂದು ಬಣ್ಣದ ಸಿಪ್ಪೆ ಉಳಿದದ್ದನ್ನು ಕಂಡು ಬೇಸರಪಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಚಿಪ್ಪಿನ ತೆಳು ಪದರಗಳಲ್ಲಿ ತೇವ ಇರುವ ತನಕ ಬೆಳಕು ಹಾಗೆ ಪ್ರತಿಫಲಿಸುತ್ತದೆ, ಸತ್ತು ಒಣಗಿದರೆ ಮುಗಿಯಿತು. ಆದ್ದರಿಂದ ಬಣ್ಣವನ್ನು ದಾಖಲಿಸುವುದಿದ್ದರೆ ಜೀವಂತ ಹುಳವನ್ನು ನೋಡಿಯೇ ಬರೆದುಕೊಳ್ಳಬೇಕು, ಒಣಗಿಸಿಟ್ಟ ಮಾದರಿಯನ್ನು ನಂಬಬಾರದು.

ಹಿಡಿಯುವಾಗ ಹುಳವನ್ನು ಎಳೆದು ಕೀಳಬೇಡಿ. ಗಾಬರಿಯಾದ ಆಮೆ ಜೀರುಂಡೆ ಕಾಲು, ಮೀಸೆಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು ಎಲೆಗೆ ಅಂಟಿಬಿಡುತ್ತದೆ. ಈ ಅಂಟಿಕೆಯ ಬಲ ಎಷ್ಟೆಂಬುದನ್ನು ಫ್ಲೋರಿಡಾದ ಒಂದು ನೀಲಿ ಆಮೆ ಜೀರುಂಡೆಯಲ್ಲಿ ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಅವರ ಜೊತೆಗಾರರೊಬ್ಬರು ಅಳೆದು 2000ದಲ್ಲಿ ಪ್ರಕಟಿಸಿದ್ದಾರೆ. ಅದರ ಪಾದಗಳಲ್ಲಿ ಒಟ್ಟು ಸುಮಾರು 60,000 ಅಂಟುರೋಮಗಳಿದ್ದು, ಎಣ್ಣೆಯ ತೆಳುಪದರದ ನೆರವಿನಿಂದ ತನ್ನ ತೂಕದ 60 ಪಟ್ಟು ಎಳೆತವನ್ನು ಅದು ಎರಡು ನಿಮಿಷ ತಾಳಿಕೊಳ್ಳಬಲ್ಲದು. ನಮ್ಮ ಹುಳ ಅಷ್ಟು ಗಟ್ಟಿಯಾಗಿರಲಿ ಬಿಡಲಿ, ಎಳೆದರೆ ಕಾಲು ಮುರಿಯುವುದು ಮಾತ್ರ ನಿಜ. ಎಲೆಯ ತೊಟ್ಟನ್ನೇ ಕತ್ತರಿಸಿ, ಹುಳದೊಂದಿಗೆ ಇಡೀ ಎಲೆಯನ್ನು ಡಬ್ಬಿಗೆ ಹಾಕುವುದು ಸರಿಯಾದ ಕ್ರಮ.

ಮೊಟ್ಟೆಯಿಡುವುದನ್ನು ನೋಡುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬಳ್ಳಿಯಲ್ಲಿ ಒಂದರ ಮೇಲೊಂದು ಕೂತ ಜೋಡಿ ಕಂಡರೆ ಕೆಳಗಿರುವುದು ಹೆಣ್ಣು. ಜೋಡಿ ತಾನಾಗಿ ಬೇರ್ಪಡುವ ತನಕ ಕಾದು, ಹೆಣ್ಣಿರುವ ಎಲೆಯ ತೊಟ್ಟಿಗೆ ಕೆಂಪು ನೂಲು ಕಟ್ಟಿ ಗುರುತು ಮಾಡಬಹುದು. ಆದರೆ ಅದು ಮರುದಿನ ಬೇರೆ ಎಲೆಗೆ ಹೋಗಿಬಿಟ್ಟರೆ ಹುಡುಕುವುದು ಕಷ್ಟ. ಇದಕ್ಕಿಂತ ಖಚಿತವಾದ ದಾರಿಯೆಂದರೆ ಜೋಡಿಯನ್ನು ಎಲೆಸಹಿತ ಮನೆಗೆ ತಂದು, ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಗೆಣಸಿನ ಒಂದು ಕುಡಿಯೊಂದಿಗೆ ಇಡುವುದು. ಭರಣಿಯನ್ನು ನೀವು ಓಡಾಡುವ ಜಾಗದಲ್ಲಿ, ಉದಾಹರಣೆಗೆ ಜಗಲಿಯ ತುದಿಯಲ್ಲಿ ಅಥವಾ ಅಡುಗೆಮನೆಯ ಕಿಟಕಿಯ ಬಳಿ ಇಟ್ಟುಕೊಂಡರೆ ದಿನಕ್ಕೆ ಹತ್ತು ಸಲ ಕಣ್ಣು ಹಾಯಿಸಲು ಬೇರೆ ಬಿಡುವು ಬೇಕಾಗುವುದಿಲ್ಲ.

ಹೆಣ್ಣು ಎಲೆಯ ಅಡಿಯಲ್ಲಿ ಒಂದೇ ಕಡೆ ನಿಂತು ಹೊಟ್ಟೆಯ ತುದಿಯನ್ನು ನಿಧಾನವಾಗಿ ಅತ್ತಿತ್ತ ಆಡಿಸತೊಡಗಿದರೆ ಭರಣಿಯನ್ನು ಅಲುಗಿಸದೆ ಕೂತುಬಿಡಿ. ಅದು ಮೊಟ್ಟೆಯೊಂದಿಗೆ ಅಂಟಿನಂಥ ದ್ರವವನ್ನೂ ಸ್ರವಿಸುತ್ತದೆ, ಆ ದ್ರವವನ್ನು ಹೊಟ್ಟೆಯ ತುದಿಯಿಂದಲೇ ಒತ್ತಿ ಹರಡಿ ತೆಳುವಾದ ಹಾಳೆಯಾಗಿಸುತ್ತದೆ, ಹಾಳೆಯ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಮತ್ತೆ ಹಾಳೆ ಎಂಬಂತೆ ಪದರ ಪದರವಾಗಿ ಕಟ್ಟುತ್ತ ಹೋಗುತ್ತದೆ. ಗಾಳಿ ತಾಗಿ ದ್ರವ ಗಟ್ಟಿಯಾದಾಗ ಉಳಿಯುವುದು ಕಾಗದದಂಥ ಕಂದು ಪೊಟ್ಟಣ. ಒಳಗೆ ಸಾಲಾಗಿ ಜೋಡಿಸಿಟ್ಟ ಹತ್ತಾರು ಮೊಟ್ಟೆಗಳು. ಅಡಿಕೆ ಹಾಳೆಯಲ್ಲಿ ಮುಟ್ಟಾಳೆ ಎಂಬ ಟೊಪ್ಪಿ ಹೊಲಿಯುವವರ ಕೈಯನ್ನು ನೋಡಿದವರಿಗೆ ಈ ಕೆಲಸದ ಲಯ ಪರಿಚಿತವೆನಿಸೀತು: ಒಂದು ಮಡಿಕೆ, ಒಂದು ಒತ್ತು, ಮತ್ತೆ ಒಂದು ಮಡಿಕೆ. ಈ ನಡುವೆ ಅದು ಎಲೆ ತಿನ್ನುವುದಿಲ್ಲ, ಜಾಗ ಬಿಟ್ಟು ಏಳುವುದೂ ಇಲ್ಲ. ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡದೆ ಹೊರಟುಹೋಗುತ್ತದೆ.

ಈ ಪೊಟ್ಟಣವೇ ಅದರ ಆರೈಕೆ. ಇದರ ಬೆಲೆ ತಿಳಿಯಬೇಕಾದರೆ ಪುಟ್ಟ ಹಸಿರು ಹುಳವಾದ ಕ್ಯಾಸಿಡಾ ಸರ್ಕಮ್ಡೇಟಾದ ಮೊಟ್ಟೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಅದು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಟ್ಟು ಪ್ರತಿಯೊಂದರ ಮೇಲೂ ಒಂದು ಪಾರದರ್ಶಕ ಪೊರೆಯನ್ನಷ್ಟೇ ಎಳೆದು ಬಿಡುತ್ತದೆ. ಒಂದು ತಾಯಿ ಎಲ್ಲವನ್ನೂ ಒಂದೇ ಭದ್ರ ಪೆಟ್ಟಿಗೆಯಲ್ಲಿ ಇಡುತ್ತದೆ, ಇನ್ನೊಂದು ಊರೆಲ್ಲ ಚದುರಿಸಿ ಇಡುತ್ತದೆ. ಒಂದು ಪೆಟ್ಟಿಗೆ ಶತ್ರುವಿನ ಕೈಗೆ ಸಿಕ್ಕರೆ ಎಷ್ಟು ನಷ್ಟ, ಹತ್ತು ಕಡೆ ಚದುರಿದ್ದನ್ನು ಹುಡುಕಲು ಶತ್ರುವಿಗೆ ಎಷ್ಟು ಕಷ್ಟ ಎಂಬ ಎರಡು ಲೆಕ್ಕಾಚಾರಗಳು ಒಂದೇ ಏರಿಯ ಮೇಲೆ ನಡೆಯುತ್ತಿರುವುದನ್ನು ನೋಡಬಹುದು. ಕೆಲವು ಆಮೆ ಜೀರುಂಡೆಗಳು ಮೊಟ್ಟೆಯ ಮೇಲೆ ತಮ್ಮ ಮಲವನ್ನೇ ಬಳಿದು ಮರೆಮಾಡುವುದೂ ಉಂಟು.

ಮೊಟ್ಟೆಯ ಮುಖ್ಯ ಶತ್ರು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಪರೋಪಜೀವಿ ಕಣಜ. ಅದು ಜೀರುಂಡೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಪೊಟ್ಟಣ ಗಟ್ಟಿಯಾಗುವ ಮುನ್ನವೇ ಕೆಲಸ ಮುಗಿಸಿಕೊಳ್ಳುವ ಜಾಣ ಕಣಜಗಳೂ ಇವೆ: ಪನಾಮಾದಲ್ಲಿ ಎಮರ್ಸೊನೆಲ್ಲಾ ಎಂಬ ಕುಲದ ಕಣಜಗಳು ಹೆಣ್ಣು ಆಮೆ ಜೀರುಂಡೆಯ ಮೈಮೇಲೆಯೇ ಸವಾರಿ ಮಾಡುತ್ತ, ಅದು ಮೊಟ್ಟೆಯಿಡುವ ಕ್ಷಣಕ್ಕಾಗಿ ಕಾಯುತ್ತವೆ. ಆದ್ದರಿಂದ ನೀವು ತಂದ ಹೆಣ್ಣಿನ ಬೆನ್ನು, ಅಂಚುಗಳನ್ನು ಭೂತಗನ್ನಡಿಯಲ್ಲಿ ಒಮ್ಮೆ ಪರೀಕ್ಷಿಸುವುದು ವ್ಯರ್ಥವಲ್ಲ.

ಮನೆಯಲ್ಲಿ ಸಾಕುವಾಗ

ಮೊಟ್ಟೆಯ ಪೊಟ್ಟಣ ಸಿಕ್ಕ ಮೇಲೆ ತಾಯಿಯನ್ನು ತಂದ ಬಳ್ಳಿಗೇ ಬಿಟ್ಟುಬನ್ನಿ. ಪೊಟ್ಟಣವನ್ನು ಎಲೆಯಿಂದ ಕೀಳದೆ, ಎಲೆಯ ತೊಟ್ಟನ್ನು ನೀರು ತುಂಬಿದ ಸಣ್ಣ ಕುಪ್ಪಿಯಲ್ಲಿ ಇರಿಸಿ, ಕುಪ್ಪಿಯ ಬಾಯಿಗೆ ಹತ್ತಿ ತುರುಕಿ. ಇಲ್ಲವಾದರೆ ಹೊರಬಂದ ಮರಿಗಳು ತೊಟ್ಟು ಹಿಡಿದು ಇಳಿದು ನೀರಿಗೆ ಬೀಳುತ್ತವೆ. ಎಲೆ ಬಾಡತೊಡಗಿದರೆ ಪೊಟ್ಟಣವಿರುವ ತುಂಡನ್ನಷ್ಟೇ ಕತ್ತರಿಸಿ ಹೊಸ ಎಲೆಯ ಮೇಲೆ ಇಟ್ಟರೆ ಸಾಕು. ಭರಣಿಯ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಬೇಡ, ಹಳೆಯ ಪಂಚೆಯ ತುಂಡನ್ನು ಕಟ್ಟಿ. ನಮ್ಮ ಕರಾವಳಿಯ ತೇವದ ಗಾಳಿಗೆ ಬಿಗಿ ಮುಚ್ಚಳದ ಡಬ್ಬಿಯೊಳಗೆ ಒಂದೇ ರಾತ್ರಿಯಲ್ಲಿ ನೀರಹನಿ ಕಟ್ಟಿ, ಮೂರನೆಯ ದಿನಕ್ಕೆ ಬೂಸಲು ಹಿಡಿಯುತ್ತದೆ. ನನ್ನ ಮೊದಲ ಪೊಟ್ಟಣ ಹೋದದ್ದು ಹಾಗೆ.

ಎರಡನೆಯದು ಹೋದದ್ದು ಇರುವೆಯ ಬಾಯಿಗೆ. ಸಕ್ಕರೆ ಡಬ್ಬಿಗೆ ಮನೆಯಲ್ಲಿ ಮಾಡುವ ಉಪಾಯವೇ ಇಲ್ಲಿಯೂ ನಡೆಯುತ್ತದೆ: ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಗೆರಟೆಯನ್ನು ಕವುಚಿ, ಅದರ ಮೇಲೆ ಭರಣಿ ಇಟ್ಟರೆ ಇರುವೆ ದಾಟುವುದಿಲ್ಲ. ಭರಣಿಗೆ ನೇರ ಬಿಸಿಲು ತಾಗಬಾರದು, ಫ್ಯಾನಿನ ಗಾಳಿಯೂ ಬೇಡ.

ಎಲೆ ತರುವ ಜಾಗದ ವಿಷಯದಲ್ಲಿ ಎಚ್ಚರ ಬೇಕು. ಯಾವ ಬಳ್ಳಿಗೂ ಕೀಟನಾಶಕ ತಾಗಿರಬಾರದು. ಪಕ್ಕದ ತೋಟದಲ್ಲಿ ಹೊಡೆದದ್ದರ ಸಿಂಪಡಿಕೆ ಬಂದು ಬಿದ್ದ ಎಲೆಯೂ ಮರಿಗಳನ್ನು ಕೊಲ್ಲಬಲ್ಲದು. ಈ ಜಿಲ್ಲೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು, ಆದರೂ ಅನೇಕ ಮನೆಗಳಲ್ಲಿ ಅದರ ನೋವು ಮುಗಿಯದೇ ಇರುವುದು ಎಲ್ಲರಿಗೂ ತಿಳಿದದ್ದೇ. ಆಮೆ ಜೀರುಂಡೆ ಎಲೆಯಲ್ಲಿ ನಾಲ್ಕು ತೂತು ಮಾಡಿದೆ ಎಂದು ವಿಷ ಹೊಡೆಯುವುದು ಅನಗತ್ಯ. ಗೆಣಸು ಬೆಳೆಯುವವರ ನಿಜವಾದ ಶತ್ರು ಗಡ್ಡೆಯನ್ನೇ ಕೊರೆಯುವ, ಇರುವೆಯಂತೆ ಕಾಣುವ ಮೂತಿ ಹುಳು. ಅದರ ಕೋಪವನ್ನು ಇದರ ಮೇಲೆ ತೀರಿಸಿಕೊಳ್ಳಬಾರದು.

ಮರಿಹುಳುವಿನ ವಯಸ್ಸನ್ನು ಎಣಿಸುವುದು

ಒಂದು ವಾರ ಕಳೆದು ಕೆಲವು ದಿನಗಳಲ್ಲಿ ಮೊಟ್ಟೆಗಳು ಒಡೆದು ಮರಿಗಳು ಹೊರಬರುತ್ತವೆ. ಮೈಯ ಎರಡೂ ಅಂಚುಗಳಲ್ಲಿ ಮುಳ್ಳಿನ ಸಾಲು, ಹಿಂಬದಿಯಲ್ಲಿ ಎರಡು ಕವಲಿನ ಬಾಲ. ಆರಂಭದಲ್ಲಿ ಎಲೆಯ ಅಡಿಭಾಗವನ್ನು ಕೆರೆದು ತಿಂದು ಮೇಲಿನ ಪೊರೆಯನ್ನು ಹಾಗೆಯೇ ಬಿಡುತ್ತವೆ, ಬಲ ಬಂದ ಮೇಲೆ ಆರಪಾರ ತೂತು ಮಾಡುತ್ತವೆ. ಎಲೆಯಲ್ಲಿ ಕಾಗದದಂಥ ಬಿಳಿ ಕಿಟಕಿಗಳಿದ್ದರೆ ಎಳೆಯ ಮರಿಗಳಿವೆ ಎಂದೂ, ಪೂರ್ತಿ ತೂತಿದ್ದರೆ ದೊಡ್ಡವು ಅಥವಾ ಜೀರುಂಡೆಗಳಿವೆ ಎಂದೂ ದೂರದಿಂದಲೇ ಊಹಿಸಬಹುದು.

ಈ ಮರಿಹುಳುಗಳ ಅತಿ ವಿಚಿತ್ರ ಅಭ್ಯಾಸವೆಂದರೆ ಕಳಚಿದ ಚರ್ಮವನ್ನು ಎಸೆಯದೆ ಬಾಲದ ಕವಲಿಗೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಕೊಡೆಯಂತೆ ಹಿಡಿಯುವುದು. ಕೆಲವು ಜಾತಿಗಳು ಅದಕ್ಕೆ ತಮ್ಮ ಮಲವನ್ನೂ ಮೆತ್ತುತ್ತವೆ. ಚರ್ಮಗಳು ಒಂದರ ಮೇಲೊಂದು ಕೂಡುತ್ತ ಹೋಗುವುದರಿಂದ ಮರಿಹುಳುವಿನ ವಯಸ್ಸನ್ನು ಅದರ ಬಾಲವೇ ಹೇಳುತ್ತದೆ. ಬಾಲದಲ್ಲಿ ಚರ್ಮವೇ ಇಲ್ಲದಿದ್ದರೆ ಅದು ಮೊದಲ ಹಂತ, ಒಂದು ಇದ್ದರೆ ಎರಡನೆಯದು, ನಾಲ್ಕು ಇದ್ದರೆ ಐದನೆಯ ಹಾಗೂ ಕೊನೆಯ ಹಂತ. ದಿನಚರಿಯಲ್ಲಿ ‘ಇಂದು ಚಿಕ್ಕದು, ನಾಳೆ ದೊಡ್ಡದು’ ಎಂದು ಬರೆಯುವುದಕ್ಕಿಂತ ಚರ್ಮ ಎಣಿಸಿ ಬರೆದರೆ ಆ ದಾಖಲೆಗೆ ಬೆಲೆ ಬರುತ್ತದೆ. ಮರಿಯನ್ನು ಕೈಯಲ್ಲಿ ಹಿಡಿಯದೆ, ಭೂತಗನ್ನಡಿಯನ್ನು ಭರಣಿಯ ಗಾಜಿಗೆ ಒತ್ತಿ ಎಣಿಸಬೇಕು.

ಕೊಡೆಯ ಉಪಯೋಗವನ್ನು ನೋಡಬೇಕೆಂದರೆ ಸಣ್ಣದೊಂದು ಕುಂಚದ ಕೂದಲಿನಿಂದ ಮರಿಯ ಬದಿಯನ್ನು ಮೆಲ್ಲಗೆ ಮುಟ್ಟಿ. ಯಾವ ಬದಿಯನ್ನು ಮುಟ್ಟಿದಿರೋ ಆ ಬದಿಗೆ ಕೊಡೆ ವಾಲುತ್ತದೆ. ಐಸ್ನರ್ ಮತ್ತು ಸಂಗಡಿಗರು 1967ರಲ್ಲೇ ಯುರೋಪು ಮೂಲದ ಒಂದು ಕ್ಯಾಸಿಡಾ ಜಾತಿಯ ಮರಿಗಳ ಮೇಲೆ ಪ್ರಯೋಗ ನಡೆಸಿ, ಈ ಕಸದ ಗುರಾಣಿ ಇರುವೆಗಳನ್ನು ತಡೆಯಲು ನಿಜವಾಗಿಯೂ ಸಮರ್ಥ ಎಂದು ತೋರಿಸಿದ್ದರು. ತಾಯಿ ಕಟ್ಟಿಕೊಟ್ಟ ಪೊಟ್ಟಣದ ಕೆಲಸ ಮೊಟ್ಟೆ ಒಡೆದ ದಿನ ಮುಗಿಯಿತು; ಆಮೇಲಿನ ರಕ್ಷಣೆ ಮರಿಗಳ ಸ್ವಂತ ದುಡಿಮೆ. ಆದರೂ ತಾಯಿಯ ಒಂದು ನಿರ್ಧಾರ ಇನ್ನೂ ಅವುಗಳ ನೆರವಿಗೆ ನಿಂತಿರುತ್ತದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಕಡೆ ಇಟ್ಟದ್ದರಿಂದ ಮಿಲಿಯಾರಿಸ್ ಮರಿಗಳು ಹುಟ್ಟಿನಿಂದಲೇ ಗುಂಪಿನಲ್ಲಿವೆ. ಮುಳ್ಳಿನ ಮೈಗಳು, ಎತ್ತಿ ಹಿಡಿದ ಬಾಲಗಳು ಒತ್ತಾಗಿ ಸೇರಿದಾಗ ಒಂಟಿ ಮರಿಗೆ ಸಿಗದ ರಕ್ಷಣೆ ಅವಕ್ಕೆ ಸಿಗುತ್ತದೆ.

ಎಲೆ ಬದಲಿಸುವ ಕ್ರಮವೂ ಈ ಗುಂಪುತನವನ್ನು ಗೌರವಿಸುವಂತಿರಬೇಕು. ಹಳೆಯ ಎಲೆಯನ್ನು ಹೊಸ ಎಲೆಗೆ ತಾಗಿಸಿ ಇಟ್ಟರೆ ಅವು ತಾವಾಗಿಯೇ ದಾಟುತ್ತವೆ. ಆತುರಪಟ್ಟು ಚಿಮಟದಿಂದ ಒಂದೊಂದನ್ನಾಗಿ ಎತ್ತಿ ಹಾಕಿದರೆ ಕೊಡೆ ಕಳಚಿ ಬೀಳುತ್ತದೆ, ನಿಮ್ಮ ವಯಸ್ಸಿನ ಲೆಕ್ಕವೂ ಕೆಡುತ್ತದೆ.

ಎರಡು ಮೂರು ವಾರಗಳಲ್ಲಿ ಕೊನೆಯ ಹಂತದ ಮರಿಹುಳು ತಿನ್ನುವುದನ್ನು ನಿಲ್ಲಿಸಿ ಎಲೆಗೋ ಕಾಂಡಕ್ಕೋ ಹಿಂಬದಿಯಿಂದ ಅಂಟಿಕೊಂಡು ಕೋಶವಾಗುತ್ತದೆ. ಮಣ್ಣಿಗೆ ಇಳಿಯುವುದಿಲ್ಲವಾದ್ದರಿಂದ ಭರಣಿಯ ತಳದಲ್ಲಿ ಮಣ್ಣು ಹಾಕುವ ಅಗತ್ಯವಿಲ್ಲ. ಈಗ ಎಲೆ ಒಣಗಿದರೂ ಚಿಂತೆಯಿಲ್ಲ, ಕೋಶವನ್ನು ಅಲ್ಲಿಂದ ಬಿಡಿಸಬಾರದು ಅಷ್ಟೆ. ಸುಮಾರು ಒಂದು ವಾರದಲ್ಲಿ ಜೀರುಂಡೆ ಹೊರಬರುತ್ತದೆ. ಮೊದಲ ದಿನ ಅದರ ಚಿಪ್ಪು ಮೆತ್ತಗೆ, ಬಣ್ಣ ಪೇಲವ. ಗಟ್ಟಿಯಾಗಿ ಬಣ್ಣ ಕೂಡುವವರೆಗೆ ಮುಟ್ಟದಿರಿ.

ಬೇರೆ ತಾಯಂದಿರು

ಪಕ್ಕದಲ್ಲೇ ನಿಂತು ಕಾಯುವ ಆಮೆ ಜೀರುಂಡೆಗಳೂ ಇವೆ, ಆದರೆ ಅವು ಅಮೆರಿಕದ ಉಷ್ಣವಲಯದವು. ಪನಾಮಾದ ಆಕ್ರೋಮಿಸ್ ಸ್ಪಾರ್ಸಾ ಎಂಬ ಜಾತಿಯ ತಾಯಿ ಮೊಟ್ಟೆಗಳ ಮೇಲೆ ನಿಂತು ಕಾಯುತ್ತದೆ, ಮರಿಗಳು ಎಲೆಯಿಂದ ಎಲೆಗೆ ಹೋದರೆ ಜೊತೆಗೆ ಹೋಗುತ್ತದೆ, ಅವು ಕೋಶವಾದ ಮೇಲೂ ಬಿಟ್ಟು ಹೋಗುವುದಿಲ್ಲ. 1987ರಲ್ಲಿ ಸಂಶೋಧಕ ಡೊನಾಲ್ಡ್ ವಿಂಡ್ಸರ್ ಅದರ ಬದುಕನ್ನು ವಿವರವಾಗಿ ದಾಖಲಿಸಿದರು. ಅದೂ ನಮ್ಮ ಗೆಣಸಿನ ಕುಟುಂಬಕ್ಕೇ ಸೇರಿದ ಒಂದು ಬಳ್ಳಿಯನ್ನು ತಿಂದು ಬದುಕುವ ಹುಳ. ಊಟದ ಎಲೆ ಒಂದೇ ಮನೆತನದ್ದು, ತಾಯ್ತನದ ರೀತಿ ಮಾತ್ರ ಬೇರೆ. ಜಪಾನಿನ ಗೋನಿಯೊಕ್ಟೆನಾ ಜಪೋನಿಕಾ ಎಂಬ ಇನ್ನೊಂದು ಎಲೆ ಜೀರುಂಡೆಯ ತಾಯಿಯೂ ಮರಿಗಳ ಕಾವಲಿಗೆ ಹೆಸರಾಗಿದೆ.

ಕಾಸರಗೋಡಿನಲ್ಲಿ ಯಾರಾದರೂ ‘ಉಪ್ಪಳಿಗೆ ಮರದ ಎಲೆಯಡಿ ಮೊಟ್ಟೆಯ ಮೇಲೆ ಕೂತ ಜೀರುಂಡೆಯನ್ನು ಕಂಡೆ’ ಎಂದರೆ ತಕ್ಷಣ ಒಪ್ಪಬೇಡಿ. ಅದು ಹೆಚ್ಚಾಗಿ ಕ್ಯಾಂಟಾವೊ ಒಸೆಲ್ಲೇಟಸ್ ಎಂಬ ಗುರಾಣಿ ತಿಗಣೆ. ಬೆನ್ನೆಲ್ಲ ಮುಚ್ಚುವ ಒಂದೇ ಚಿಪ್ಪಿನಿಂದಾಗಿ ಜೀರುಂಡೆಯಂತೆ ತೋರುತ್ತದೆ, ತನ್ನ ಮೊಟ್ಟೆಗಳನ್ನು ನಿಜವಾಗಿಯೂ ಕಾಯುತ್ತದೆ. ಬೆನ್ನ ನಡುವೆ ಎರಡು ರೆಕ್ಕೆಗಳು ಕೂಡುವ ನೇರ ಗೆರೆ ಇದ್ದರೆ ಜೀರುಂಡೆ. ಗೆರೆಯಿಲ್ಲದೆ, ತಲೆಯ ಅಡಿಯಲ್ಲಿ ಸೂಜಿಯಂಥ ಹೀರುಗೊಳವೆ ಇದ್ದರೆ ತಿಗಣೆ. ತಿಗಣೆಯ ಮರಿ ಹುಟ್ಟಿನಿಂದಲೇ ತಾಯಿಯನ್ನು ಹೋಲುತ್ತದೆ, ಕೋಶದ ಹಂತ ಅದಕ್ಕಿಲ್ಲ.

ಗೆಣಸು ಸಿಗದವರಿಗೆ ಅಂಗಳದ ಮಾವಿನ ಮರವೇ ಸಾಕು. ಮಾವು ಚಿಗುರಿದಾಗ ಮರದಡಿ ಎಳೆಯ ಎಲೆಗಳು ಕತ್ತರಿಯಿಂದ ಕತ್ತರಿಸಿದಂತೆ ಬಿದ್ದಿರುವುದನ್ನು ಕಂಡು ‘ಮಕ್ಕಳ ಕಿತಾಪತಿ’ ಎಂದುಕೊಂಡವರು ಕಡಿಮೆಯಿಲ್ಲ. ಅದು ಡೆಪೊರಾಸ್ ಮಾರ್ಜಿನೇಟಸ್ ಎಂಬ ಮೂತಿ ಹುಳುವಿನ ಹೆಣ್ಣಿನ ಕೆಲಸ. ಚಿಗುರೆಲೆಯ ನಡುನರದ ಬದಿಯಲ್ಲಿ ಮೊಟ್ಟೆಗಳನ್ನಿಟ್ಟು, ಬಳಿಕ ಬುಡದ ಹತ್ತಿರ ಎಲೆಯನ್ನು ಅಡ್ಡಲಾಗಿ ಕತ್ತರಿಸಿ ಮೊಟ್ಟೆಗಳ ಸಮೇತ ನೆಲಕ್ಕೆ ಬೀಳಿಸುತ್ತದೆ. ಮರಿಗಳು ಬಿದ್ದ ಎಲೆಯ ಪದರಗಳ ನಡುವೆ ಕೊರೆದು ತಿಂದು, ಅಲ್ಲಿಂದ ಮಣ್ಣಿಗಿಳಿದು ಕೋಶವಾಗುತ್ತವೆ. ಆದ್ದರಿಂದ ಇದನ್ನು ಸಾಕುವ ಭರಣಿಯಲ್ಲಿ ನಾಲ್ಕು ಬೆರಳು ತೇವದ ಮಣ್ಣು ಕಡ್ಡಾಯ. ಬೆಳಿಗ್ಗೆ ಅಂಗಳ ಗುಡಿಸುವ ಮುನ್ನ ಹೊಸದಾಗಿ ಬಿದ್ದ ಹತ್ತು ತುಂಡುಗಳನ್ನು ಆರಿಸಿ, ಮಣ್ಣಿನ ಮೇಲೆ ಹರಡಿ, ಬಟ್ಟೆ ಕಟ್ಟಿ ಇಡಿ. ಸಸಿಗಳಿಗೆ ಇದರ ಕಾಟ ಹೆಚ್ಚಾದರೆ ಬಿದ್ದ ಎಲೆಗಳನ್ನು ದಿನವೂ ಗುಡಿಸಿ ಸುಟ್ಟರಾಯಿತು, ತಾಯಿಯ ಉಪಾಯವೇ ನಮಗೂ ಉಪಾಯವಾಗುತ್ತದೆ. ಬಾದಾಮಿ ಮರದ ಎಲೆಯನ್ನು ಅರ್ಧ ಕತ್ತರಿಸಿ, ಮೊಟ್ಟೆಯನ್ನು ಒಳಗಿಟ್ಟು, ಬೀಡಿಯಂತೆ ಬಿಗಿಯಾಗಿ ಸುತ್ತಿ ನೇತುಹಾಕುವ ಇನ್ನೊಂದು ಕೆಂಗಂದು ಮೂತಿ ಹುಳುವೂ ಇದೆ. ಆ ಸುರುಳಿಯೇ ಮರಿಗೆ ಮನೆ, ಅದೇ ಊಟ.

ದಾಖಲೆ ಮತ್ತು ಮರಳಿಸುವುದು

ಹೆಣ್ಣು ಸಿಕ್ಕ ಬಳ್ಳಿ, ಮೊಟ್ಟೆಯಿಟ್ಟ ದಿನ, ಒಡೆದ ದಿನ, ಪ್ರತಿ ದಿನದ ಚರ್ಮದ ಎಣಿಕೆ, ಕೋಶವಾದ ದಿನ, ಜೀರುಂಡೆ ಹೊರಬಂದ ದಿನ, ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮನೆಗೆ ತಂದ ಪೊಟ್ಟಣದ ಜೊತೆಗೆ ಗದ್ದೆಯಲ್ಲೇ ಬಿಟ್ಟ ಇನ್ನೊಂದೆರಡು ಪೊಟ್ಟಣಗಳಿಗೂ ನೂಲು ಕಟ್ಟಿ ಗುರುತಿಟ್ಟುಕೊಂಡರೆ ಹೋಲಿಕೆಗೆ ದಾರಿಯಾಗುತ್ತದೆ. ಮನೆಯ ಪೊಟ್ಟಣಕ್ಕೆ ಕಣಜದ ಭಯ ಕಡಿಮೆ, ಗದ್ದೆಯದ್ದಕ್ಕೆ ಎಲ್ಲ ಭಯವೂ ಇದೆ. ಮರಿಗಳು ಹೊರಟುಹೋದ ಮೇಲೆ ಎರಡನ್ನೂ ಕಿತ್ತು ತಂದು ಬೆಳಕಿಗೆ ಹಿಡಿದು ನೋಡಿ: ಮರಿ ಹೊರಬಂದ ಕೋಣೆ ಹರಿದು ತೆರೆದಿರುತ್ತದೆ, ಕಣಜ ಹೊರಬಂದ ಕಡೆ ಸೂಜಿಯಿಂದ ಚುಚ್ಚಿದಂಥ ದುಂಡು ರಂಧ್ರ ಇರುತ್ತದೆ, ಒಡೆಯದ ಮೊಟ್ಟೆ ಮುಚ್ಚಿಯೇ ಉಳಿದಿರುತ್ತದೆ. ಮೂರನ್ನೂ ಬೇರೆ ಬೇರೆ ಎಣಿಸಿ, ಪೊಟ್ಟಣವನ್ನು ಅದೇ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ದಿನಾಂಕ ಹಾಕಿ.

ಹೊಸ ಜೀರುಂಡೆಗಳನ್ನು ತಾಯಿ ಸಿಕ್ಕ ಅದೇ ಏರಿಗೆ, ಸಂಜೆಯ ತಂಪಿನಲ್ಲಿ, ಎಲೆಸಹಿತ ಬಿಡುವುದು ಕ್ರಮ. ಗದ್ದೆಯವರು ಬೇರೆಯವರಾದರೆ ಮೊದಲೇ ಒಂದು ಮಾತು ಕೇಳಿ. ಹುಳ ತಂದು ಬಿಡುತ್ತೇನೆಂದರೆ ಅವರು ಒಪ್ಪಲಿಕ್ಕಿಲ್ಲ, ಆಗ ಬೇಲಿಯ ಬಳ್ಳಿಯೇ ಸರಿ.